ಹಳೇ ಇನೋವಾ ಡೀಸೆಲ್‌ಗೆ ಟೈಮಿಂಗ್ ಬೆಲ್ಟ್ ಸೆಟ್: ಬೆಲ್ಟ್ ಒಂದೇ ಹಾಕಿಸಿದರೆ ಸಾಲದು

ಮಂಗಳೂರು, ಉಡುಪಿಯ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಹಳೇ ಇನೋವಾಗಳು ಇನ್ನೂ ದುಡಿಯುತ್ತಿವೆ. 2005ರಲ್ಲಿ ಬಂದ ಆ 2.5 ಲೀಟರ್ ಡಿ-4ಡಿ (ಟೊಯೋಟಾದ ಡೀಸೆಲ್) ಇಂಜಿನ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೈಮಿಂಗ್‌ಗೆ, ಅಂದರೆ ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚಲು, ಇರುವುದು ಚೈನ್ ಅಲ್ಲ, ಬೆಲ್ಟ್. 2016ರ ಕ್ರಿಸ್ಟಾ ಡೀಸೆಲ್‌ಗೆ ಚೈನ್ ಉಂಟು, ಅದರ ಮಾಲಕರು ಇದನ್ನು ಓದಬೇಕಾಗಿಲ್ಲ.

ಇಲ್ಲಿ ಹೇಳುತ್ತಿರುವುದು ಬೆಲ್ಟ್, ಐಡ್ಲರ್ ಬೇರಿಂಗ್ (ಬೆಲ್ಟ್ ಉರುಳುವ ರಾಟೆ), ಹೈಡ್ರಾಲಿಕ್ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ಭಾಗ) ಸೇರಿದ ಮೂರು ತುಂಡಿನ ಸೆಟ್ ಬಗ್ಗೆ. ಜೆನ್ಯೂನ್ ತೆಗೆದುಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬೆಲ್ಟ್ ಮಾತ್ರ ಬದಲಿಸಿ ಹಳೇ ಬೇರಿಂಗ್ ಬಿಡುವುದು ಬೇಡವೇ ಬೇಡ. ಎಷ್ಟೋ ಸಲ ಮೊದಲು ಕೈಕೊಡುವುದು ಆ ಬೇರಿಂಗೇ: ಗ್ರೀಸ್ ಒಣಗಿ ಜಾಮ್ ಆಗುತ್ತದೆ, ಅದರ ಮೇಲೆ ಉಜ್ಜಿ ಹೊಸ ಬೆಲ್ಟೂ ಹಾಳು. ಬಿಚ್ಚಿದ ಐಡ್ಲರನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿ ನೋಡಿ. ಹೊಸದು ಗ್ರೀಸಿನ ಬಿಗಿಯಲ್ಲಿ ಸದ್ದಿಲ್ಲದೆ ಸ್ವಲ್ಪ ತಿರುಗಿ ನಿಲ್ಲುತ್ತದೆ. ಸವೆದದ್ದು ಗರಗರ ಎನ್ನುತ್ತಾ ತುಂಬ ಹೊತ್ತು ಸುತ್ತುತ್ತದೆ. ಟೆನ್ಷನರ್ ರಾಡ್ ಸುತ್ತ ಎಣ್ಣೆ ಜಿನುಗಿದ್ದರೆ ಅದಕ್ಕೂ ಆಯುಷ್ಯ ಮುಗಿಯಿತು.

ಇಷ್ಟು ಒತ್ತಿ ಹೇಳುವುದು ಇದು ಇಂಟರ್‌ಫಿಯರೆನ್ಸ್ ಇಂಜಿನ್ ಎಂಬ ಕಾರಣಕ್ಕೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದಕ್ಕೂ ವಾಲ್ವ್‌ಗಳಿರುವ ಹೆಡ್ಡಿಗೂ ನಡುವೆ ಉಳಿಯುವ ಜಾಗ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಬೆಲ್ಟ್ ಕಡಿದರೆ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಅಲ್ಲೇ ನಿಲ್ಲುತ್ತದೆ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ನಿಲ್ಲುವುದಿಲ್ಲ. 16 ವಾಲ್ವ್‌ಗಳಲ್ಲಿ ಆ ಕ್ಷಣ ತೆರೆದಿದ್ದವಕ್ಕೆ ಪಿಸ್ಟನ್ ಬಂದು ಬಡಿಯುತ್ತದೆ, ವಾಲ್ವ್ ಬೆಂಡ್. ಹೆಡ್ ಬಿಚ್ಚದೆ ಬೇರೆ ದಾರಿಯಿಲ್ಲ. ಅದೂ ಆಗುಂಬೆಯ ತಿರುವಿನಲ್ಲಾದರೆ ಸ್ಟೀರಿಂಗ್ ಬಿಗಿ, ಬ್ರೇಕಿಗೆ ಉಳಿದ ವ್ಯಾಕ್ಯೂಮ್ ಕೆಲವೇ ತುಳಿತಕ್ಕೆ ಸಾಕು.

ಕಂಪನಿ ಹೇಳುವ ಲೆಕ್ಕ 1,50,000 ಕಿ.ಮೀ. ಆಗ ಮೀಟರಿನಲ್ಲಿ ಟಿ-ಬೆಲ್ಟ್ ಲೈಟ್ ಬರುತ್ತದೆ. ಆ ಲೈಟನ್ನೇ ನಂಬಿ ಕೂರಬೇಡಿ. ಅದು ಎಣಿಸುವುದು ಕಿಲೋಮೀಟರ್ ಮಾತ್ರ. ಬಜ್ಪೆ ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ಎಸಿ ಹಾಕಿಕೊಂಡು ಗಂಟೆಗಟ್ಟಲೆ ನಿಂತ ಗಾಡಿಯ ಬೆಲ್ಟ್ ಅಷ್ಟೂ ಹೊತ್ತು ಸುತ್ತಿರುತ್ತದೆ, ಮೀಟರ್ ಮಾತ್ರ ಕದಲುವುದಿಲ್ಲ. ರಬ್ಬರಿಗೆ ವಯಸ್ಸೂ ಆಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯ ಮೀಟರ್ ಹಿಂದಕ್ಕೆ ಹೋಗಿದ್ದರಂತೂ ಲೈಟಿನ ಮಾತೇ ಸುಳ್ಳು. ಬೆಲ್ಟ್ ಬದಲಿಸಿದ ಬಿಲ್ ಇಲ್ಲದ ಗಾಡಿ ಕೊಂಡರೆ ಮೊದಲ ವಾರವೇ ಸೆಟ್ ಹಾಕಿಸಿ.

ಕೆಲಸ ಕಷ್ಟದ್ದಲ್ಲ. ಈ ಇಂಜಿನ್‌ನಲ್ಲಿ ಕ್ರ್ಯಾಂಕಿನಿಂದ ಮೇಲಿನವರೆಗೆ ಗೇರ್, ಅಲ್ಲಿಂದ ಕ್ಯಾಮ್ ಪುಲ್ಲಿಗೆ ಮಾತ್ರ ಬೆಲ್ಟ್. ವಾಟರ್ ಪಂಪ್ ಇದರ ಮೇಲೆ ಓಡುವುದಿಲ್ಲ. ಗ್ಯಾರೇಜಿನವರು ತಪ್ಪುವುದು ಸಣ್ಣ ಸಂಗತಿಗಳಲ್ಲಿ. ಟೆನ್ಷನರ್ ರಾಡನ್ನು ವೈಸಿನಲ್ಲಿ ನೆಟ್ಟಗೆ ಹಿಡಿದು ನಿಧಾನ ಒತ್ತಿ, ಅದು ಮತ್ತೆ ಹೊರಬಾರದಂತೆ ರಂಧ್ರಕ್ಕೆ 1.27 ಮಿ.ಮೀ. ಅಲೆನ್ ಕೀ ತೂರಿಸಬೇಕು. ಸುತ್ತಿಗೆಯಲ್ಲಿ ಹೊಡೆದರೆ ಒಳಗಿನ ಸೀಲ್ ಹೋಯಿತು. ಪುಲ್ಲಿಯ ಟೈಮಿಂಗ್ ಮಾರ್ಕ್ ಕೂಡಿಸಿ, ಬೆಲ್ಟ್ ಹಾಕಿ, ಕೀ ಎಳೆದ ಮೇಲೆ ಕ್ರ್ಯಾಂಕನ್ನು ಸ್ಪ್ಯಾನರಿನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ಮಾರ್ಕ್ ಮತ್ತೆ ನೋಡಬೇಕು. ನಡುವೆ ಎಲ್ಲಾದರೂ ಗಟ್ಟಿ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಕ್ಯಾಮ್ ಆಯಿಲ್ ಸೀಲ್ ಒದ್ದೆಯಾಗಿದ್ದರೆ ಆಗಲೇ ಬದಲಿಸಿ, ಎಣ್ಣೆ ತಾಗಿದ ಬೆಲ್ಟ್ ಬಾಳುವುದಿಲ್ಲ. ಬೆಲ್ಟ್ ಕವರಿನ ರಬ್ಬರ್ ಗ್ಯಾಸ್ಕೆಟ್ ಹರಿದಿದ್ದರೆ ನಮ್ಮ ಮಳೆಗಾಲದ ಕೆಸರು ನೀರು ನೇರ ಒಳಗೆ.

ಓಡುತ್ತಿರುವಾಗಲೇ ಇಂಜಿನ್ ಬಂದ್ ಆಗಿ, ಸೆಲ್ಫ್ ಹೊಡೆದಾಗ ಎಂದಿಗಿಂತ ಹಗುರಾಗಿ ಸುಯ್ಯೆಂದು ತಿರುಗಿದರೆ ಬೆಲ್ಟ್ ಕಡಿದಿರಬಹುದು. ಎರಡನೇ ಸಲ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಗಾಡಿಯನ್ನು ಟೋ ಮಾಡಿಸಿ, ಗ್ಯಾರೇಜಿನಲ್ಲಿ ಮೊದಲು ಬೆಲ್ಟಿನ ಕವರ್ ತೆಗೆಸಿ.