ತೂಕ ಇಳಿಸೋ ಆಪರೇಷನ್: ಸ್ಲೀವಾ, ಬೈಪಾಸಾ?

ಡಾಕ್ಟರು ಎರಡೂ ಆಗುತ್ತೆ ಅಂದಿದ್ದಾರೆ, ಯಾವುದು ಮಾಡಿಸಲಿ ಎಂದು ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ.

ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ. ತೆಗೆದದ್ದು ವಾಪಸ್ ಬರಲ್ಲ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಕೆಲಸ ಜಾಸ್ತಿ, ಸಾಮಾನ್ಯವಾಗಿ ಖರ್ಚೂ ಜಾಸ್ತಿ.

ನಾನು ಮೊದಲು ಕೇಳೋದು ಎದೆಯುರಿ ಬಗ್ಗೆ. ರಾತ್ರಿ ಮಲಗಿದಾಗ ಹುಳಿ ಗಂಟಲಿಗೆ ಬರುತ್ತಾ? ಸ್ಲೀವ್ ಆದಮೇಲೆ ಅದು ಹೆಚ್ಚಾಗಬಹುದು, ಬೈಪಾಸ್‌ನಲ್ಲಿ ಸಾಮಾನ್ಯವಾಗಿ ತಗ್ಗುತ್ತದೆ. ಸಕ್ಕರೆ ಕಾಯಿಲೆ ಇದ್ದರೂ ಬೈಪಾಸ್ ಕಡೆಗೇ ತಕ್ಕಡಿ ವಾಲುತ್ತದೆ. ಆದರೆ ಹೋಳಿಗೆ ಕಂಡರೆ ಬಿಡದವರಿಗೆ ಅದು ಕಷ್ಟ. ಸಿಹಿ ಸರ್ರನೆ ಕರುಳಿಗಿಳಿದು ಬೆವರು, ಎದೆ ಡವಡವ, ಭೇದಿ. ಮಂಡಿನೋವಿಗೆ ಐಬುಪ್ರೊಫೆನ್‌ನಂಥ ಮಾತ್ರೆ ಬೇಕೇ ಬೇಕು ಅನ್ನುವವರಿಗೂ ಸ್ಲೀವ್ ವಾಸಿ. ಅಂಥ ಮಾತ್ರೆಯಿಂದ ಬೈಪಾಸ್‌ನ ಜೋಡಣೆ ಹತ್ತಿರ ಹುಣ್ಣಾಗಬಹುದು.

ಯಾವ ಆಪರೇಷನ್ ಆದರೂ ವಿಟಮಿನ್ ಮಾತ್ರೆ, ರಕ್ತಪರೀಕ್ಷೆ ಜೀವನಪೂರ್ತಿ. ತಪ್ಪಿಸಿದರೆ ಬೈಪಾಸ್‌ನವರಿಗೆ ಪೆಟ್ಟು ಜಾಸ್ತಿ. ಮಳೆಗಾಲದಲ್ಲಿ ಊರು ಬಿಟ್ಟು ಹೊರಡೋದೇ ಕಷ್ಟ ಅಲ್ವಾ, ಅದನ್ನೂ ಯೋಚಿಸಿ.

ಚೇತರಿಕೆಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಮೊದಮೊದಲು ಗಂಜಿ ತಿಳಿ, ಸಾರು, ಮಜ್ಜಿಗೆ, ಅದೂ ಚಮಚ ಚಮಚವಾಗಿ. ಕಡುಬು, ಅಕ್ಕಿರೊಟ್ಟಿ ಎಲ್ಲ ಡಾಕ್ಟರು ಹೂಂ ಅಂದಮೇಲೆ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಮಾತ್ರ ಆಪರೇಷನ್ ಇಟ್ಟುಕೊಳ್ಳಬೇಡಿ, ಕೆಲವು ವಾರ ಗೊನೆ ಹೊರೋ ಹಾಗಿಲ್ಲ.