ತೋಡಿದ ಕತ್ತು, ತೋಡದ ಕತ್ತು: ಮೆಕ್‌ಲಾಫ್ಲಿನ್ ನಾದದ ಬೆನ್ನು ಹತ್ತಿ

ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಜಾಝ್-ರಾಕ್ ತಂಡದ ದಿನಗಳಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ನುಡಿಸುತ್ತಿದ್ದುದು ಹನ್ನೆರಡು ಮತ್ತು ಆರು ತಂತಿಗಳ ಜೋಡಿ ಕತ್ತಿನ ಗಿಬ್ಸನ್ ಇಡಿಎಸ್-1275 ಗಿಟಾರನ್ನು. ಅದರ ಹಿಂದೆ 100 ವಾಟ್‌ನ ಮಾರ್ಷಲ್ ಆಂಪ್ಲಿಫೈಯರ್ ಗರ್ಜಿಸುತ್ತಿತ್ತು. ಕೆಲವೇ ವರ್ಷಗಳಲ್ಲಿ, ವೀಣೆಯ ಪಾಠವನ್ನೂ ಮುಗಿಸಿಕೊಂಡು, ಎಲ್. ಶಂಕರ್, ಜಾಕಿರ್ ಹುಸೇನ್ ಮತ್ತು ವಿಕ್ಕು ವಿನಾಯಕರಾಮ್ ಅವರೊಂದಿಗೆ ‘ಶಕ್ತಿ’ ತಂಡದಲ್ಲಿ ಕುಳಿತಾಗ ಅವರ ಕೈಯಲ್ಲಿದ್ದುದು ಏಬ್ರಹಾಂ ವೆಕ್ಟರ್ ರೂಪಿಸಿದ ಅಕೌಸ್ಟಿಕ್ ಗಿಟಾರ್. ಅದರಲ್ಲಿ ಶ್ರುತಿಗೆಂದು ಏಳು ತಂತಿಗಳು ಓರೆಯಾಗಿ ಹಾಯ್ದಿದ್ದವು, ಫ್ರೆಟ್‌ಗಳ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ, ನಡುವಿನ ಮರವನ್ನು ಬಟ್ಟಲಿನಂತೆ ತೋಡಲಾಗಿತ್ತು.

ಈ ತೋಡುವಿಕೆಯಿಂದ ನಿಜಕ್ಕೂ ಏನು ಸಿಗುತ್ತದೆಂದು ತಿಳಿಯಲು ನನ್ನ ಎರಡು ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಒಂದರ ಕತ್ತನ್ನು ಪೂರ್ತಿ ತೋಡಿಸಿ, ಎರಡಕ್ಕೂ ಒಂದೇ ದಪ್ಪದ ತೆಳು ತಂತಿಗಳನ್ನು ಕಟ್ಟಿ, ಮೂರು ತಿಂಗಳು ಸರದಿಯಂತೆ ನುಡಿಸಿದೆ.

ಪರೀಕ್ಷೆಗೆ ಆರಿಸಿಕೊಂಡದ್ದು ತೋಡಿ ರಾಗದ ಅಲುಗಾಡುವ ಗಾಂಧಾರವನ್ನು. ರಿಷಭದ ಫ್ರೆಟ್ಟಿನಲ್ಲಿ ಬೆರಳಿಟ್ಟು ಮಧ್ಯಮದವರೆಗೆ, ಅಂದರೆ ನಾಲ್ಕು ಅರ್ಧಸ್ವರಗಳಷ್ಟು ದೂರ, ತಂತಿಯನ್ನು ಅಡ್ಡಕ್ಕೆ ಎಳೆಯಬೇಕು. ಸಾಮಾನ್ಯ ಕತ್ತಿನಲ್ಲಿ ಬೆರಳ ತುದಿ ಮರಕ್ಕೆ ಉಜ್ಜುತ್ತದೆ, ಪಕ್ಕದ ತಂತಿಯ ಕೆಳಗೆ ಜಾರುತ್ತದೆ, ಸ್ವರ ಗುರಿ ಮುಟ್ಟುವ ಮೊದಲೇ ಕೈ ಸೋಲುತ್ತದೆ. ತೋಡಿದ ಕತ್ತಿನಲ್ಲಿ ಬೆರಳಿಗೆ ಮರವೇ ಸಿಗದ ಕಾರಣ ತಂತಿಯನ್ನು ಬದಿಯಿಂದ ಹಿಡಿದು ಎಳೆಯಬಹುದು. ಎತ್ತರದ ಮೆಟ್ಟಿಲುಗಳ ವೀಣೆಯಲ್ಲಿ ಸಿಗುವ ಹಿಡಿತಕ್ಕೆ ಇದು ಸಮೀಪ. ಆದರೂ ವಾರಗಟ್ಟಲೆ ನನಗೆ ಮರ ತೋಡಿದರೂ ತೋಡಿ ಬರಲಿಲ್ಲ, ಏಕೆಂದರೆ ಬಟ್ಟಲು ಕೊಡುವುದು ಹಿಡಿತವನ್ನೇ ಹೊರತು ಕಿವಿಯನ್ನಲ್ಲ.

ಹಲವು ಸ್ವರಗಳು ಒಟ್ಟಿಗೆ ಮೊಳಗುವ ಕಾರ್ಡ್‌ಗಳ ವಿಷಯದಲ್ಲಿ ತೀರ್ಪು ತಿರುಗಿತು. ಬೆರಳು ಕೊಂಚ ಬಲವಾಗಿ ಒತ್ತಿದರೂ ತಂತಿ ಬಟ್ಟಲಿನೊಳಕ್ಕೆ ಬಾಗಿ ಶ್ರುತಿ ಏರುತ್ತದೆ. ಮಹಾವಿಷ್ಣು ಕಾಲದ ವಿಲಂಬಿತ ಆರ್ಪೆಜಿಯೊಗಳಂತಹ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವ) ಜಾಗದಲ್ಲಿ, ಪ್ರತಿ ತಂತಿಯೂ ಬೇರೆ ಬೇರೆ ಪ್ರಮಾಣದಲ್ಲಿ ಏರಿ, ಇಡೀ ಕಾರ್ಡ್ ಅಪಶ್ರುತಿಯಾಗುತ್ತದೆ. ಅತಿವೇಗದ ಸ್ವರಗಳಲ್ಲಿ ಮಾತ್ರ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ನಾನು ನಿರೀಕ್ಷಿಸದಿದ್ದ ಸಂಗತಿ ಇನ್ನೊಂದಿತ್ತು. ಆಂಪ್ಲಿಫೈಯರನ್ನು ನಾದ ಒಡೆದು ಗರಗರಿಸುವ ಡಿಸ್ಟಾರ್ಷನ್‌ಗೆ ಏರಿಸಿದಾಗ ಸಾಮಾನ್ಯ ಕತ್ತಿನ ಕೊರತೆ ಅರ್ಧ ಮರೆತುಹೋಗುತ್ತದೆ, ಏಕೆಂದರೆ ಸ್ವರ ಬಹಳ ಹೊತ್ತು ನಿಲ್ಲುವುದರಿಂದ ನಿಧಾನವಾಗಿ ಎಳೆಯಲು ಸಮಯವಿರುತ್ತದೆ. ಬೇಗನೆ ಕರಗುವ ಅಕೌಸ್ಟಿಕ್ ನಾದಕ್ಕೆ ಆ ಸಮಯವಿಲ್ಲ, ಗಮಕ ಮೀಟಿದ ಕ್ಷಣದಲ್ಲೇ ಮೂಡಬೇಕು. ಮಾರ್ಷಲ್ಲನ್ನು ಬಿಟ್ಟು ಬಂದವರಿಗೆ ಬಟ್ಟಲು ಏಕೆ ಬೇಕಾಯಿತೆಂಬುದು ನನಗೆ ಆಗ ಹೊಳೆಯಿತು.

ಎರಡನೆಯ ಗಿಟಾರಿನಲ್ಲಿ ಹನ್ನೆರಡನೆಯ ಫ್ರೆಟ್ಟಿನಿಂದ ಆಚೆಗಷ್ಟೇ ಮರ ತೆಗೆಸಲು ನಿರ್ಧರಿಸಿದ್ದೇನೆ. ಕಾರ್ಡ್‌ಗಳು ಕೆಳಗೆ ನೆಮ್ಮದಿಯಾಗಿರಲಿ, ಗಾಂಧಾರ ಮೇಲೆ ಅಲುಗಾಡಿಕೊಂಡಿರಲಿ.