ಬಿಜಲಿಯ ಕನ್ನಡಕ, ಬಿಜಲಿಯ ಅಂಗಿ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಈ ಸೆಟ್‌ನಲ್ಲಿ ಎರಡು ವಸ್ತು ಬರುತ್ತವೆ. ನಾಯಿಗೆ ಹಾಕುವ ಕನ್ನಡಕ ಒಂದು, ಎದೆ ಹೊಟ್ಟೆ ಮುಚ್ಚುವ ಅಂಗಿ ಇನ್ನೊಂದು. ಕನ್ನಡಕ ಈಗ ನಮ್ಮ ಜೋಳದ ಹೊಲದ ಬೆದರುಬೊಂಬೆಯ ಮುಖದ ಮೇಲಿದೆ. ಅಂಗಿ ಇನ್ನೂ ಬಿಜಲಿಯ ಮೈಮೇಲಿದೆ, ಆದರೆ ಕಂಪನಿಯವರು ಹೊಲಿದದ್ದು ಅದರಲ್ಲಿ ಅರ್ಧ ಮಾತ್ರ ಉಳಿದಿದೆ.

ಬಿಜಲಿ ನಾಲ್ಕು ವರ್ಷದ ಹೆಣ್ಣು ಮುಧೋಳ ನಾಯಿ. ನಮ್ಮ ಅಜ್ಜನ ಕಾಲದಲ್ಲಿ ಇವನ್ನು ಮೊಲದ ಬೇಟೆಗೆ ಒಯ್ಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೆಲ್ಲ ನಿಂತಿತು. ಆದರೆ ಕಾಯ್ದೆ ಬಂದಿದೆ ಅಂತ ಬಿಜಲಿಯ ಕಾಲಿಗೆ ಯಾರೂ ಹೇಳಿಲ್ಲ. ವಾಸನೆ ಹಿಡಿದು ಹೋಗುವ ಜಾತಿ ಅಲ್ಲ ಇದು, ಕಣ್ಣಿಗೆ ಕಂಡದ್ದರ ಹಿಂದೆ ಓಡುವ ಜಾತಿ. ಗಾಳಿಗೆ ಪ್ಲಾಸ್ಟಿಕ್ ಚೀಲ ಹಾರಿದರೂ ಸಾಕು. ನಮ್ಮ ಹೊಲದ ಒಂದು ಕಡೆ ಕಬ್ಬು, ಇನ್ನೊಂದು ಕಡೆ ಹಳ್ಳದ ದಂಡೆ ತುಂಬ ಬಳ್ಳಾರಿ ಜಾಲಿ. ಓಡುವಾಗ ಎದುರಿಗೆ ಮುಳ್ಳಿದೆಯೋ ಬೇಲಿಯಿದೆಯೋ ಅವಳು ನೋಡುವುದಿಲ್ಲ.

ಈ ತಳಿ ಸಾಕಿದವರಿಗೆ ಗೊತ್ತು, ಚರ್ಮ ಹಪ್ಪಳದಷ್ಟು ತೆಳು. ಕೂದಲು ಗಿಡ್ಡ, ಕೆಳಗೆ ಕೊಬ್ಬಿಲ್ಲ. ಬೇರೆ ನಾಯಿಗೆ ಗೀರು ಬೀಳುವ ಕಡೆ ಇದಕ್ಕೆ ಚರ್ಮವೇ ಹರಿಯುತ್ತದೆ. ಅದನ್ನಾದರೂ ಹೊಲಿಗೆ ಹಾಕಿಸಬಹುದು. ನಾನು ದುಡ್ಡು ಬಿಚ್ಚಿದ್ದು ಕಣ್ಣಿಗಾಗಿ.

ಈ ಸೆಟ್ ತರಿಸುವ ಹಿಂದಿನ ಮಳೆಗಾಲದಲ್ಲಿ ಕಬ್ಬಿನ ಸಾಲಿನಿಂದ ಒಂದು ಕಣ್ಣು ಮುಚ್ಚಿಕೊಂಡು ಬಂದಳು. ಕಬ್ಬಿನ ಎಲೆಯ ಅಂಚು ಗರಗಸ ಇದ್ದ ಹಾಗೆ. ನೀರು ಸುರಿಯುತ್ತಿತ್ತು, ಮುಂಗಾಲಿನಿಂದ ಉಜ್ಜುತ್ತಿದ್ದಳು. ನಾನು ಮಾಡಿದ ದಡ್ಡತನ ಕೇಳಿ. ಅವ್ವನ ಪೊರೆ ಆಪರೇಷನ್ ಆದಾಗ ತಂದ ಡ್ರಾಪ್ಸ್ ಮನೆಯಲ್ಲಿ ಉಳಿದಿತ್ತು, ಎರಡು ದಿನ ಅದನ್ನೇ ಹಾಕಿದೆ. ಮೂರನೆಯ ದಿನ ಕಣ್ಣು ನೀಲಿ ಬಿಳುಪಾಯಿತು. ಡಾಕ್ಟರು ಹಳದಿ ಬಣ್ಣದ ಔಷಧ ಬಿಟ್ಟು ನೀಲಿ ಟಾರ್ಚ್ ಹಿಡಿದರು. ಕಣ್ಣಿನ ಮೇಲೆ ಗಾಯ ಹಸಿರಾಗಿ ಹೊಳೆಯಿತು. ಆಮೇಲೆ ನನ್ನ ಕಡೆ ತಿರುಗಿ ಸರಿಯಾಗಿ ಬೈದರು. ಆ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇತ್ತಂತೆ. ಗೀರಿದ ಕಣ್ಣಿಗೆ ಅದನ್ನು ಹಾಕಿದರೆ ಗಾಯ ಮಾಯುವುದಿಲ್ಲ, ಇನ್ನೂ ಆಳಕ್ಕೆ ಹೋಗುತ್ತದೆ. ಕಣ್ಣು ಉಳಿಯಿತು. ಎಡಗಣ್ಣಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಈಗಲೂ ಇದೆ.

ಆ ಭಯದಲ್ಲೇ ಈ ಸೆಟ್ ತರಿಸಿದೆ. ನಾಲ್ಕು ಸಾವಿರದ ಹತ್ತಿರ ಹೋಯಿತು. ಒಂದು ಜೊತೆ ಚಪ್ಪಲಿ ಮೂರು ವರ್ಷ ಹಾಕುವ ಮನುಷ್ಯ ನಾನು, ಹೆಂಡತಿ ಏನೆಂದಳು ಅಂತ ಇಲ್ಲಿ ಬರೆಯುವುದಿಲ್ಲ.

ಕನ್ನಡಕಕ್ಕೆ ಒಗ್ಗಿಸಲು ಮೂರು ವಾರ ಹಿಡಿಯಿತು. ಮೊದಲ ದಿನ ಹಾಕಿದ ಕೂಡಲೇ ಕಲ್ಲಿನ ಹಾಗೆ ನಿಂತಳು. ದಿನಾ ಎರಡು ನಿಮಿಷ ಹಾಕುವುದು, ರೊಟ್ಟಿ ಚೂರು ಕೊಡುವುದು, ತೆಗೆಯುವುದು. ಕೊನೆಗೆ ಒಪ್ಪಿದಳು. ಒಪ್ಪದೇ ಇದ್ದದ್ದು ತಲೆ. ಮುಧೋಳ ನಾಯಿಯ ತಲೆ ಉದ್ದ, ಕಿರಿದು. ಹಣೆಗೂ ಮೂಗಿಗೂ ನಡುವೆ ತಗ್ಗೇ ಇಲ್ಲ, ಕನ್ನಡಕ ಕೂರುವುದಾದರೂ ಎಲ್ಲಿ? ಪಟ್ಟಿ ಬಿಗಿ ಮಾಡಿದರೆ ಗದ್ದ ಒತ್ತುತ್ತದೆ, ಸಡಿಲ ಬಿಟ್ಟರೆ ನಾಲ್ಕು ನೆಗೆತಕ್ಕೆ ಮೂಗಿನ ತುದಿಗೆ ಬರುತ್ತದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಇದು. ಅಳತೆ ತೆಗೆದುಕೊಳ್ಳಲು ಮಾತ್ರ ಲ್ಯಾಬ್ರಡಾರೇ ಬೇಕು ಈ ಕಂಪನಿಯವರಿಗೆ.

ಅದನ್ನೂ ಸಹಿಸಿದೆ. ಸಹಿಸಲು ಆಗದೇ ಹೋದದ್ದು ಸುಗ್ಗಿ ಹೊತ್ತಿಗೆ. ಕನ್ನಡಕದ ಅಂಚು ಕೆನ್ನೆಯ ಹತ್ತಿರ ಕೂಡುವುದಿಲ್ಲ, ಆ ಸಂದಿಯಿಂದ ಒಣ ಹುಲ್ಲಿನ ಬೀಜ ಒಳಗೆ ಹೋಗಿತ್ತು. ಚೂಪು ಮೂತಿ, ಹಿಂದೆ ಬಾಲ ಇರುವ ಬೀಜ. ಬರಿಗಣ್ಣಿಗೆ ಬಿದ್ದಿದ್ದರೆ ತಲೆ ಕೊಡವಿ ಬೀಳಿಸುತ್ತಿದ್ದಳೇನೋ. ಕನ್ನಡಕ ಅದನ್ನು ಒಳಗೇ ಹಿಡಿದಿಟ್ಟಿತು. ಕಣ್ಣು ಕಾಯಲು ತಂದದ್ದು ಕಣ್ಣಿಗೇ ಪಂಜರ ಆಯಿತು. ಮನೆಗೆ ಬಂದು ಬಿಚ್ಚಿದರೆ ಬೀಜ ರೆಪ್ಪೆಯ ಒಳಗೆ ಅಂಟಿತ್ತು. ಸಲೈನ್‌ನಿಂದ ತೊಳೆದಾಗ ಹೊರಬಂತು, ಪುಣ್ಯ. ಮರುದಿನವೇ ಬೆದರುಬೊಂಬೆಗೆ ಹೊಸ ಕನ್ನಡಕ ಬಂತು.

ಅಂಗಿಯ ಮೇಲೂ ಮೊದಲು ಸಿಟ್ಟೇ ಇತ್ತು. ಬೆನ್ನ ಮೇಲೆ ಎತ್ತಲು ಒಂದು ಹಿಡಿಕೆ ಕೊಟ್ಟಿದ್ದಾರೆ. ಚಿತ್ರದಲ್ಲಿ ಚೆಂದ ಕಾಣುತ್ತದೆ. ಜಾಲಿಯಲ್ಲಿ ಅದೇ ಕೊಕ್ಕೆ. ಒಂದು ದಿನ ಟೊಂಗೆಗೆ ಸಿಕ್ಕಿ, ಹಿಂದೆ ಮುಂದೆ ಹೋಗಲಾಗದೆ ಕುಂಯ್‌ಗುಡುತ್ತಾ ನಿಂತಿದ್ದಳು. ಹುಡುಕಿ ಬಿಡಿಸುವಷ್ಟರಲ್ಲಿ ನನ್ನ ಕೈಯೇ ರಕ್ತ. ಹೊಟ್ಟೆಯ ಪಟ್ಟಿಯದು ಇನ್ನೊಂದು ಕಥೆ. ಎದೆ ಆಳ, ಸೊಂಟ ಹಿಡಿಯಷ್ಟು, ಪಟ್ಟಿ ಹಿಂದಕ್ಕೆ ಜಾರಿ ಕಂಕುಳ ಉಜ್ಜಿ ಹುಣ್ಣು ಮಾಡಿತು.

ಎಸೆಯುವವನೇ ಇದ್ದೆ. ಎತ್ತಿಗೆ ಜೂಲ ಹೊಲಿಯುವ ಅಜ್ಜ ಒಬ್ಬರಿದ್ದಾರೆ, ಸುಮ್ನೆ ಅವರಿಗೆ ತೋರಿಸಿದೆ. ಅವರು ಅಂಗಿ ನೋಡಲೇ ಇಲ್ಲ. ಮೊದಲು ಬಿಜಲಿಯ ಎದೆಗೆ ಗೇಣು ಹಾಕಿ ಅಳೆದರು. ಹಿಡಿಕೆ ಕತ್ತರಿಸಿದರು, ಕಂಕುಳ ಹತ್ತಿರ ಎರಡು ಬೆರಳು ಅಗಲ ತೆಗೆದರು, ಅಲ್ಲಿ ಹಳೆ ಸೀರೆಯ ಮೆತ್ತನೆ ಅಂಚು ಮಡಿಸಿ ಹಾಕಿದರು. ಪಟ್ಟಿಯನ್ನು ಎದೆಯ ಕೆಳಗೆ ಅಡ್ಡಡ್ಡ ದಾಟಿಸಿದರು. ನೂರೈವತ್ತು ರೂಪಾಯಿ. ಅಂದಿನಿಂದ ಅದು ಅಂಗಿ ಅನಿಸಿಕೊಂಡಿದೆ. ಗೀರು, ತರಚು ನಿಂತೇ ಹೋಗಿವೆ. ನೇರ ಬಂದ ಜಾಲಿ ಮುಳ್ಳನ್ನು ಇದೂ ತಡೆಯುವುದಿಲ್ಲ, ಬಟ್ಟೆ ತೂರಿ ಬರುತ್ತದೆ. ಯುಗಾದಿ ಸಮೀಪಿಸಿದರೆ ಇದನ್ನು ಹಾಕುವುದೇ ಬೇಡ. ಬಿಸಿಲಲ್ಲಿ ಓಡುವ ನಾಯಿಗೆ ಮುಳ್ಳಿಗಿಂತ ಸೆಕೆ ಕೆಟ್ಟದ್ದು. ನಾವು ಚಳಿಗಾಲದ ಬೆಳಗ್ಗೆ, ಸಂಜೆ ಮಾತ್ರ ಹಾಕುತ್ತೇವೆ.

ಕಣ್ಣಿಗೆ ಈಗ ಏನು ಮಾಡುತ್ತೀರಿ ಅಂತ ಕೇಳಬಹುದು. ನೂರು ಎಂಎಲ್ ಸಲೈನ್ ಬಾಟಲಿ, ಒಂದು ಟಾರ್ಚ್. ಹೊಲದಿಂದ ಬಂದ ಮೇಲೆ ಕಟ್ಟೆಯ ಮೇಲೆ ಕೂರುತ್ತೇವೆ. ಅಂಗಿ ಬಿಚ್ಚಿ ಕೊಡವುತ್ತೇನೆ, ಅವಳೂ ಮೈ ಕೊಡವುತ್ತಾಳೆ. ಬೆರಳ ಸಂದಿಯಲ್ಲಿ ನೆಗ್ಗಿಲು ಮುಳ್ಳು, ಆಮೇಲೆ ಕಂಕುಳು, ಆಮೇಲೆ ಕಿವಿ. ಕೈಯಾಡಿಸುವಾಗ ಒದ್ದೆ ತಗುಲಿದರೆ ಅಲ್ಲೇ ಗಾಯ. ಕಣ್ಣು ಕೊನೆಗೆ. ಕೆಳರೆಪ್ಪೆ ಮೆಲ್ಲಗೆ ಎಳೆದು ನೋಡಿ, ನಾಲ್ಕು ಹನಿ ಬಿಡುತ್ತೇನೆ. ಕಣ್ಣು ಕಿರಿದು ಮಾಡಿದರೆ ನಾನು ಏನೂ ಹಾಕುವುದಿಲ್ಲ, ಬೆಳಗ್ಗೆ ಬೈಕ್ ಹತ್ತಿಸಿ ಡಾಕ್ಟರ ಹತ್ತಿರ. ಮೊದಲೆಲ್ಲ ಹಿಡಿದು ಕೂರಿಸಬೇಕಿತ್ತು. ಈಗ ಟಾರ್ಚ್ ಗುಂಡಿ ಟಕ್ ಅಂದರೆ ಸಾಕು, ತಾನಾಗಿ ತೊಡೆಯ ಮೇಲೆ ಗದ್ದ ಇಡುತ್ತಾಳೆ, ಚುಕ್ಕೆಯಿರುವ ಕಣ್ಣು ಮೇಲೆ ಮಾಡಿ.

ಸೆಟ್‌ಗೆ ಐದರಲ್ಲಿ ಎರಡು ನಕ್ಷತ್ರ. ಎರಡೂ ಅಂಗಿಯ ಬಟ್ಟೆಗೆ. ಅದು ಹರಿದರೆ ಇನ್ನೊಂದು ತರಿಸುವುದಿಲ್ಲ. ಜೂಲದ ಅಜ್ಜ ದಪ್ಪ ಕ್ಯಾನ್ವಾಸ್ ತಂದುಕೊಡು ಅಂದಿದ್ದಾರೆ, ಗೆಜ್ಜೆ ಬೇಕೋ ಬೇಡವೋ ಅಂತಲೂ ಕೇಳಿದ್ದಾರೆ.